ದಿವಾಕರನಿಗೆ ಬಂದ ತಾರ್ಲೆ ತೇಗು

ಹೊಳನಗದ್ದೆಯ ದಿವಾಕರ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಆಸ್ಪದ ಸಿಗಲಿಕ್ಕಿಲ್ಲ. ಪಕ್ಕದ ಮನೆಯ ಪಂಪು ಕೆಟ್ಟರೆ ಕರೆಯದಿದ್ದರೂ ಹೋಗಿ ಬಿಚ್ಚಿ ಕೂರುವವನು. ಕೇರಿಯಲ್ಲಿ ಯಾರು ಆಸ್ಪತ್ರೆಯಿಂದ ಬಂದರೂ ಅವರ ಮಾತ್ರೆಗಳನ್ನು ಹರಡಿಕೊಂಡು, ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ತಾಳ್ಮೆಯಿಂದ ಹೇಳಿಕೊಡುವವನು. ಅವನಿಗಿದ್ದ ಕಾಯಿಲೆ ಒಂದೇ. ಅವನ ಕಣ್ಣೆದುರು ಯಾರಾದರೂ ಇನ್ನೊಬ್ಬರನ್ನು ಹೊಗಳಿದರೆ ಆ ದಿನ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಹೊನ್ನಾವರದ ಹತ್ತಿರ ಹೆದ್ದಾರಿ ಬದಿಯ ಸಣ್ಣ ಔಷಧ ಕಾರ್ಖಾನೆಯಲ್ಲಿ ಕ್ಯಾಪ್ಸೂಲಿನ ಕವಚ ಮಾಡುವುದು ಅವನ ಕೆಲಸ. ಖಾಲಿ ಕವಚದಲ್ಲಿ ಏನಿದೆ ಮಹಾ ಎಂದು ಮೂಗು ಮುರಿಯಬೇಡಿ. ಕರುಳಿನ ಹುಣ್ಣಿಗೆ ಕೊಡುವ ಔಷಧಿ ಜಠರದ ಹುಳಿಯಲ್ಲೇ ಬಿಚ್ಚಿಕೊಂಡರೆ ದಂಡ. ಅಲ್ಲಿ ಗಟ್ಟಿಯಾಗಿ ಮುಚ್ಚಿಕೊಂಡಿದ್ದು, ಕರುಳಿಗೆ ಇಳಿದ ಮೇಲೆ ತಡಮಾಡದೆ ಬಿಚ್ಚಿಕೊಳ್ಳಬೇಕು. ತಡವಾದರೆ ರೋಗಿಗೆ ಏನೂ ದಕ್ಕದೆ ಇಡೀ ಕ್ಯಾಪ್ಸೂಲು ಹಾಗೇ ಹೊರಗೆ ಹೋಗುತ್ತದೆ. ದಿವಾಕರ ಮಾಮೂಲಿ ಕವಚಕ್ಕೆ ಲೇಪದ ಮೇಲೆ ಲೇಪ ಕೊಟ್ಟು, ಮುಚ್ಚಳ ಕೂಡುವಲ್ಲಿ ಪಟ್ಟಿ ಹಾಕಿ, ಹುಳಿಗೆ ಜಗ್ಗದ ಕವಚ ಮಾಡಿದ್ದ. ಆದರೆ ಅದು ಕರುಳಿನಲ್ಲೂ ಬಿಚ್ಚಲು ಮೀನಮೇಷ ಎಣಿಸುತ್ತಿತ್ತು. ವರ್ಷಗಟ್ಟಲೆ ಅದನ್ನೇ ತಿದ್ದುತ್ತ ಕೂತಿದ್ದ. ಮಾಲಕ ಕೃಷ್ಣಾನಂದರು ಅವಸರದವರಲ್ಲ, ಕಾಯುತ್ತಿದ್ದರು.

ಅಷ್ಟರಲ್ಲಿ ಚಂದನಾ ಕೆಲಸಕ್ಕೆ ಸೇರಿದಳು. ಅಪ್ಸರಕೊಂಡದ ಕಡೆಯ ಹುಡುಗಿ, ಫಾರ್ಮಸಿ ಓದಿ ಬಂದವಳು. ಅವಳು ಲೇಪದ ಗೊಡವೆಗೇ ಹೋಗಲಿಲ್ಲ. ಹುಳಿ ತಡೆಯುವ ಪದಾರ್ಥವನ್ನು ಕವಚದ ಪಾಕಕ್ಕೇ ಬೆರೆಸಿ, ಅದರಲ್ಲಿ ಉಕ್ಕಿನ ಕಡ್ಡಿಗಳನ್ನು ಅದ್ದಿ ತೆಗೆದು, ಅಂಟಿದ್ದನ್ನು ಒಣಗಿಸಿ ಕವಚವಾಗಿ ಕಳಚಿದಳು. ಆ ಕವಚ ಗಾಜಿನ ಪಾತ್ರೆಯ ಹುಳಿನೀರಿನಲ್ಲಿ ಅಲ್ಲಾಡಲಿಲ್ಲ. ಕರುಳಿನ ರಸದಂಥ ನೀರಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಮೆತ್ತಗಾಗಿ ಬಿಚ್ಚಿಕೊಂಡಿತು. ಮಾಲಕರು ಪಾತ್ರೆಯನ್ನು ಬೆಳಕಿಗೆ ಹಿಡಿದು, "ಭೇಷ್ ಹುಡುಗಿ" ಎಂದರು.

ಆವತ್ತು ಮನೆಯಲ್ಲಿ ದಿವಾಕರ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದ.

"ಎಂತ ಆತು? ಸಾರಿಗೆ ಉಪ್ಪು ಕಮ್ಮಿ ಆತಾ?" ಎಂದು ಹೆಂಡತಿ ಉಮಾ ಕೇಳಿದಳು.

"ನಿನ್ನ ಸಾರಿಗೆ ಎಂತದೂ ಆಗ್ಲಿಲ್ಲ," ಎಂದು ಸಿಡುಕಿ ಕೈ ತೊಳೆದ.

ಮತ್ಸರ ಒಂದು ಸಲ ಒಳಗೆ ಹೊಕ್ಕರೆ ಅದಕ್ಕೆ ದೊಡ್ಡದು ಸಣ್ಣದು ಎಂಬುದಿಲ್ಲ. ಚಂದನಾಳ ಕೈಬರಹ ದುಂಡಗಿರುವುದನ್ನೂ ಅವನಿಗೆ ತಡೆಯಲಾಗಲಿಲ್ಲ. ಪ್ಯಾಕಿಂಗಿನ ಗಂಗಿ ತನ್ನ ಗದ್ದೆಯಲ್ಲಿ ಬೆಳೆದ ಹರಿವೆ ಸೊಪ್ಪನ್ನು ಮೊದಲು ಅವನೊಬ್ಬನಿಗೇ ಕೊಡುತ್ತಿದ್ದವಳು. ಈಗ ಒಂದು ಕಟ್ಟು ಆ ಹುಡುಗಿಗೂ ತರತೊಡಗಿದಳು. ದಿವಾಕರನಿಗೆ ಅಂದಿನಿಂದ ಹರಿವೆ ಸೊಪ್ಪೇ ಬೇಡವಾಯಿತು. ನಿದ್ದೆ ಕೆಟ್ಟಿತು, ಎದೆಯುರಿ ಶುರುವಾಯಿತು. ಯಾರಿಗೂ ಹೇಳದೆ ಬೆಳಿಗ್ಗೆ ಎದ್ದ ಕೂಡಲೇ ಒಂದು ಗ್ಯಾಸಿನ ಮಾತ್ರೆ ನುಂಗುವುದು ರೂಢಿಯಾಯಿತು.

ಕೊನೆಗೆ ಮಾಲಕರು ಎರಡು ಕವಚಗಳಲ್ಲಿ ಒಂದನ್ನು ಗೋವಾದ ದೊಡ್ಡ ಕಂಪನಿಗೆ ಕಳಿಸುವುದೆಂದು ತೀರ್ಮಾನಿಸಿದರು. ಚಂದನಾಳದು ಹೋದರೆ ತನ್ನ ಇಷ್ಟು ವರ್ಷದ ಕೆಲಸ ಕಸದ ಬುಟ್ಟಿಗೆ ಎಂಬುದು ದಿವಾಕರನಿಗೆ ಗೊತ್ತಿತ್ತು.

ಏನನ್ನಾದರೂ ಹೊರಗೆ ಕಳಿಸುವ ಮುಂಚೆ ಅಲ್ಲಿ ಒಂದು ಪದ್ಧತಿ ಇತ್ತು; ಮಾಡಿದವನೂ ದಿವಾಕರನೇ. ಕವಚದೊಳಗೆ ಔಷಧಿಯ ಬದಲು ಭಟ್ಕಳದ ಬಂದರಿನಿಂದ ತರಿಸಿದ ತಾರ್ಲೆ ಮೀನಿನ ಎಣ್ಣೆ ತುಂಬಿ, ಊಟವಾದ ಮೇಲೆ ನುಂಗಿ ಕೂರುವುದು. ಜಠರದಲ್ಲೇ ಬಿಚ್ಚಿಕೊಂಡರೆ ತೇಗು ಬಂದು ಊರಿಗೆಲ್ಲ ಸಾರುತ್ತದೆ. ಮಾಡಿದವರು ತಮ್ಮದನ್ನು ನುಂಗುವಂತಿಲ್ಲ, ಎದುರಿನವರದನ್ನು ನುಂಗಬೇಕು. ಮತ್ತೆ, ಗ್ಯಾಸಿನ ಮಾತ್ರೆ ತಿಂದವರು ಇದಕ್ಕೆ ಕೂರಲೇಬಾರದು. ಆ ಮಾತ್ರೆ ಜಠರದ ಹುಳಿ ಇಳಿಸುತ್ತದೆ. ಹುಳಿ ಇಲ್ಲದ ಕಡೆ ಎಂಥ ಒಳ್ಳೆಯ ಕವಚವೂ ಕರುಳು ಬಂತೆಂದು ಬಿಚ್ಚಿಕೊಳ್ಳುತ್ತದೆ. ಚಂದನಾ ಬಂದ ಹೊಸದರಲ್ಲಿ ಇದನ್ನು ಅವಳಿಗೆ ಹೇಳಿಕೊಟ್ಟವನೂ ಅವನೇ.

ಆ ದಿನವೂ ಬೆಳಿಗ್ಗೆ ಅವನ ಕೈ ತಾನಾಗಿ ಮಾತ್ರೆ ಬಿಡಿಸಿ ಬಾಯಿಗೆ ಹಾಕಿತ್ತು. ತಲೆಯಲ್ಲಿ ಪರೀಕ್ಷೆಯೇ ತುಂಬಿದ್ದರಿಂದ ಅದು ಲಕ್ಷ್ಯಕ್ಕೇ ಬರಲಿಲ್ಲ.

ಮಧ್ಯಾಹ್ನ ಇಬ್ಬರೂ ಒಬ್ಬರದನ್ನೊಬ್ಬರು ನುಂಗಿ ಪ್ಯಾಕಿಂಗ್ ಕೋಣೆಯಲ್ಲಿ ಎದುರುಬದುರು ಕೂತರು. ಮಾಲಕರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡರು.

"ಮೀನು ಬಿಟ್ಟು ಬರೀ ಎಣ್ಣೆ ನುಂಗೂದು ಎಂತ ಬುದ್ಧಿಯೋ," ಎಂದು ಗಂಗಿ ಡಬ್ಬಿ ಜೋಡಿಸುತ್ತಲೇ ನಕ್ಕಳು.

ದಿವಾಕರ ನಗಲಿಲ್ಲ. ಒಂದು ತೇಗು ಬರಲಿ ದೇವರೇ, ಒಂದೇ ಒಂದು, ಎಂದು ಬೇಡುತ್ತಿದ್ದ. ಬಂತು. ಬಾಯಿ ಮೂಗೆಲ್ಲ ತಾರ್ಲೆ ವಾಸನೆ. ಇಷ್ಟು ಹೊಲಸು ತೇಗಿಗೆ ಇಷ್ಟು ಖುಷಿಪಟ್ಟ ಮನುಷ್ಯ ಆ ಕರಾವಳಿಯಲ್ಲೇ ಇರಲಿಕ್ಕಿಲ್ಲ.

"ತಾರ್ಲೆ!" ಎಂದು ಎದ್ದು ನಿಂತ. "ಬಿಚ್ಚೇ ಬಿಡ್ತು!"

ಚಂದನಾಳ ಮುಖ ಬಾಡಿತು. ಅದನ್ನು ಕಣ್ತುಂಬ ನೋಡುತ್ತಿರುವಾಗಲೇ ಅವನಿಗೆ ಬೆಳಗಿನ ಮಾತ್ರೆ ನೆನಪಾಯಿತು.

"ಸರ್, ಕೇಳ್ತೆ ಅಂತ ಬೇಜಾರು ಮಾಡ್ಕಬೇಡಿ. ಇವತ್ತು ಗ್ಯಾಸಿನ ಮಾತ್ರೆ ಎಂತಾದ್ರೂ ತಕಂಡಿದ್ರಾ?" ಎಂದು ಚಂದನಾ ಕೇಳಿದಳು.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಮರೆತೆ, ನಾಳೆ ಬೇರೆಯವರು ನುಂಗಲಿ ಎಂದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳದೇ ಒಳ್ಳೆಯ ಕವಚ ಎಂಬುದು ಅವನಿಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆ.

"ನನ್ನ ಕೇಳ್ತ್ಯಾ? ಆ ನಿಯಮ ಮಾಡಿದವನೇ ನಾನು," ಎಂದ. "ಇಲ್ಲ."

"ತಪ್ಪಾತು ಸರ್," ಎಂದಳು. ಅವಳಿಗೆ ಸಂಜೆವರೆಗೂ ತೇಗು ಬರಲಿಲ್ಲ. ಅದನ್ನು ಅವಳೇ ಮಾಲಕರಿಗೆ ಹೇಳಿದಳು. ಬಿಚ್ಚಲು ತಡವಾದರೂ ಹುಳಿಗೆ ಜಗ್ಗದ್ದೇ ಮೇಲು ಎಂದು ಮಾಲಕರು ಒಪ್ಪಿದರು; ದಿವಾಕರನ ಕವಚ ಗೋವಾಕ್ಕೆ ಹೋಯಿತು.

ಇಲ್ಲಿಗೆ ಅವನ ಉರಿ ತಣ್ಣಗಾಗಬೇಕಿತ್ತು. ಆದರೆ ಮಾರನೆಯ ದಿನವೇ ಅವಳು ತನ್ನ ಕವಚಗಳನ್ನು ಹಿಡಿದು ಅವನ ಮೇಜಿನ ಮುಂದೆ ನಿಂತಳು.

"ಗಾಜಿನ ಪಾತ್ರೆಲಿ ಸರಿ ಇದ್ದದ್ದು ಹೊಟ್ಟೆಲಿ ಹ್ಯಾಂಗೆ ಕೆಡ್ತು ಸರ್? ನನ್ನ ತಪ್ಪು ಎಲ್ಲಿ, ತೋರ್ಸಿ ಕೊಡಿ."

ತಪ್ಪಿಲ್ಲದ್ದರಲ್ಲಿ ತಪ್ಪು ಎಲ್ಲಿಂದ ತರುವುದು? ದಪ್ಪ ಸಾಲದು ಎಂದ. ಅವಳು ಪಾಕ ದಪ್ಪ ಮಾಡಿಕೊಂಡು ಬಂದಳು. ಮೇಲೊಂದು ಲೇಪ ಕೊಡು ಎಂದ, ಕೊಟ್ಟಳು. ಇನ್ನೊಂದು ಎಂದ, ಅದನ್ನೂ ಕೊಟ್ಟಳು. ಪ್ರತಿ ಸಲವೂ ಸಾಕು ನಿಲ್ಲಿಸು ಎನ್ನಲು ಬಾಯಿ ತೆರೆಯುತ್ತಿದ್ದ, ಪ್ರತಿ ಸಲವೂ ಬೇರೆಯದೇ ಮಾತು ಬರುತ್ತಿತ್ತು. ಹೇಳಿದ್ದನ್ನು ಹೀಗೆ ಎದುರಾಡದೆ ನಂಬುವ ಅವಳ ಗುಣ ತನಗೆ ಯಾಕಿಲ್ಲ ಎಂದು ಈಗ ಅದಕ್ಕೂ ಕರುಬತೊಡಗಿದ.

ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅವಳು ಗಾಜಿನ ಪಾತ್ರೆಯನ್ನೇ ಎತ್ತಿಕೊಂಡು ಖುಷಿಯಿಂದ ಓಡಿ ಬಂದಳು. ಕರುಳಿನ ನೀರಿನಲ್ಲಿ ಅವಳ ಕ್ಯಾಪ್ಸೂಲು ಬಿಗಿದುಕೊಂಡು ಕೂತಿತ್ತು.

"ನೋಡಿ ಸರ್, ಹುಳಿಲಿ ಚೂರೂ ಜಗ್ಗೂದಿಲ್ಲ. ಬಿಚ್ಚೂಕೆ ಮಾತ್ರ ತಡ ಮಾಡ್ತದೆ. ನಿಮ್ಮದರ ಹಾಂಗೇ ಆತು!"

ಕುಹಕವಿದೆಯೇ ಎಂದು ದಿವಾಕರ ಅವಳ ಮುಖವನ್ನು ಹುಡುಕಿ ನೋಡಿದ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದ. ಇರಲಿಲ್ಲ.