ಹನ್ನೊಂದು ಗಂಟೆ ಮುಂದಕ್ಕೆ

ಕಾಲದಲ್ಲಿ ಹಿಂದಕ್ಕೆ ಹೋಗಲು ಆಗುತ್ತದೆಯೇ ಎಂದು ನನ್ನ ಭೌತಶಾಸ್ತ್ರದ ತರಗತಿಯಲ್ಲಿ ಪ್ರತಿ ವರ್ಷ ಒಬ್ಬಳಾದರೂ ಕೇಳುತ್ತಾಳೆ. ನನಗೆ ಸಿಟ್ಟು ಬರುತ್ತದೆ. ಕೇಳಿದವಳ ಮೇಲಲ್ಲ, ನಮ್ಮ ಅಪ್ಪನನ್ನು ತಾನೇ ಹಿಂದಕ್ಕೆ ಕಳಿಸಿ, ಹೋದದ್ದೇ ತಪ್ಪು ಎಂದ ಕಚೇರಿಯ ಮೇಲೆ.

ಅಪ್ಪ ಮದ್ದೂರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಸರ್ಕಾರಿ ಕಚೇರಿಯೊಂದರ ದೊಡ್ಡ ಗೋಡೆ ಗಡಿಯಾರಕ್ಕೆ ವಾರಕ್ಕೊಮ್ಮೆ ಕೀಲಿ ಕೊಡುವುದೂ ಅವರ ಕೆಲಸವೇ. ಆ ಕೀಲಿಕೈ ಸದಾ ಅವರ ಸೊಂಟದಲ್ಲಿ ಇರುತ್ತಿತ್ತು. ಊರೆಲ್ಲ ಅವರನ್ನು ಗಡಿಯಾರದ ಸಾಬ್ರು ಎನ್ನುತ್ತಿದ್ದುದು ಅದರಿಂದ. ಆ ಹೆಸರು ಅವರಿಗೆ ಬಲು ಇಷ್ಟ.

ಮಹಾಯುದ್ಧದ ಕಾಲದಲ್ಲಿ ದೀಪದ ಖರ್ಚು ಉಳಿಸಲೆಂದು ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ಇಡಿಸಿತ್ತು. ಯುದ್ಧ ಮುಗಿದ ಮೇಲೆ ಹಿಂದಕ್ಕಿಡಿ ಎಂದಿತು. ಅಪ್ಪ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಕಚೇರಿಗೆ ಹೋಗಿ, ರಿಜಿಸ್ಟರಿನಲ್ಲಿ ಬಂದ ಹೊತ್ತು ಬರೆದರು. ಗಂಟೆ ಹೊಡೆಯುವ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ಒಳಗಿನ ಯಂತ್ರ ಕೆಡುತ್ತದೆ. ಆದ್ದರಿಂದ ಒಂದು ಗಂಟೆ ಹಿಂದಕ್ಕೆ ತಿರುಗಿಸುವ ಬದಲು ಹನ್ನೊಂದು ಗಂಟೆ ಮುಂದಕ್ಕೆ ತಿರುಗಿಸುತ್ತಾ, ಪ್ರತಿ ಗಂಟೆಯನ್ನೂ ಪೂರ್ತಿ ಹೊಡೆಯಲು ಬಿಡುತ್ತಾ ಅರ್ಧ ಗಂಟೆ ನಿಂತರು. ಕೆಲಸ ಮುಗಿದಾಗ ಗಡಿಯಾರ ಎಂಟು ನಲವತ್ತು ತೋರಿಸುತ್ತಿತ್ತು. ಹೋದ ಹೊತ್ತು ಎಂದು ಅದನ್ನೇ ಬರೆದು ಸಹಿ ಹಾಕಿ ಬಂದರು.

ತಿಂಗಳ ಮೇಲೆ ಹೊಸ ಅಧಿಕಾರಿಯೊಬ್ಬರು ಲೆಕ್ಕಪತ್ರ ನೋಡಲು ಬಂದು ಅಪ್ಪನಿಗೆ ಹೇಳಿಕಳಿಸಿದರು. ಆಗ ನಾನು ಮಂಡ್ಯದಲ್ಲಿ ಹೈಸ್ಕೂಲು ಓದುತ್ತಿದ್ದೆ. ಇಂಗ್ಲಿಷಿನ ಕಾಗದವಿದ್ದರೆ ಓದಿ ಹೇಳಲಿ ಎಂದು ಅಪ್ಪ ನನ್ನನ್ನೂ ಕರೆದೊಯ್ದರು. ಬರುವುದಕ್ಕೆ ಮೊದಲೇ ಹೋದವನು ಬಂದೇ ಇಲ್ಲ, ಇದು ಸುಳ್ಳು ಸಹಿ ಎಂದರು ಅಧಿಕಾರಿ. ಗಡಿಯಾರ ಬದಲಾದ ಸಂಗತಿಯನ್ನು ನಾನು ಬಿಡಿಸಿ ಹೇಳಿದೆ. ಗಡಿಯಾರ ಹಿಂದಕ್ಕೆ ಹೋದರೆ ಮನುಷ್ಯನೂ ಹೋಗುತ್ತಾನೇನು ಎಂದು ನಕ್ಕರು. ಅಲ್ಲ, ಗಡಿಯಾರ ಹಿಂದಕ್ಕಿಡಿ ಎಂದು ಆಜ್ಞೆ ಕೊಟ್ಟವರು ಯಾರು? ಅವರ ಸರ್ಕಾರವೇ ತಾನೇ? ತಪ್ಪು ಬರೆದೆ ಎಂದು ಒಪ್ಪಿ ಸಹಿ ಮಾಡು, ಇಲ್ಲವಾದರೆ ಕೀಲಿಕೈ ಇಟ್ಟು ಹೋಗು ಎಂದರು ಅಧಿಕಾರಿ.

"ನಾನ್ ಬಂದಿದ್ದೂ ದಿಟ, ಓಗಿದ್ದೂ ದಿಟ. ಗಡಿಯಾರ ತೋರ್ಸಿದ್ನೇ ಬರ್ದಿವ್ನಿ," ಎಂದರು ಅಪ್ಪ. "ತಪ್ಪು ಅಂತ ಎಂಗ್ ಬರೀಲಿ ಸ್ವಾಮಿ?"

ಕೀಲಿಕೈ ಹೋಗುತ್ತದಲ್ಲ ಎಂದು ನನಗೆ ಹೆದರಿಕೆ. "ಬರ್ದ್ಬುಡಿ ಅಪ್ಪ, ಒಂದ್ ಸಾಲು ತಾನೇ," ಎಂದುಬಿಟ್ಟೆ.

ಅಪ್ಪ ನನ್ನನ್ನೇ ನೋಡಿದರು. "ಓದಿದೋಳು, ನೀನೂ ಅಂಗೇ ಅಂತೀಯಲ್ಲ ಕಣಮ್ಮ." ಸೊಂಟದಿಂದ ಕೀಲಿಕೈ ಬಿಚ್ಚಿ ಮೇಜಿನ ಮೇಲಿಟ್ಟರು.

ಮುಂದೆ ಯಾರೋ ಆ ಗಡಿಯಾರದ ಮುಳ್ಳನ್ನು ಹಿಂದಕ್ಕೇ ತಿರುಗಿಸಿದರು. ಅದು ನಡುಮಧ್ಯಾಹ್ನಕ್ಕೆ ನಾಲ್ಕು ಹೊಡೆಯತೊಡಗಿತು. ಅದಕ್ಕೆ ಯಾರೂ ಯಾರಿಂದಲೂ ಸಮಜಾಯಿಷಿ ಕೇಳಲಿಲ್ಲ.

ಆ ಸಿಟ್ಟಿನಲ್ಲೇ ನಾನು ಭೌತಶಾಸ್ತ್ರ ಓದಿದ್ದು. ಕಾಲದಲ್ಲಿ ಸದಾ ಮುಂದಕ್ಕೇ ನಡೆಯುತ್ತಾ ಹೋಗಿ ತನ್ನದೇ ಹಿಂದಿನ ದಿನಕ್ಕೆ ತಲುಪುವ ದಾರಿಯೊಂದನ್ನು ಸಮೀಕರಣಗಳು ಅಲ್ಲಗಳೆಯುವುದಿಲ್ಲ ಎಂದು ಎಷ್ಟೋ ವರ್ಷದ ಮೇಲೆ ಒಂದು ಪುಸ್ತಕದಲ್ಲಿ ಕಂಡೆ. ಅಪ್ಪ ಮುಳ್ಳು ತಿರುಗಿಸಿದ ದಾರಿಯೇ ಅದು. ಆದರೆ ಅಲ್ಲಿಗೆ ಹೋದವನು ತನ್ನನ್ನು ಕಳಿಸಿದ ಕಾರಣವನ್ನೇ ಅಳಿಸಿದರೆ, ಹೋದವನು ಯಾರು? ಅದಕ್ಕೆ ಪುಸ್ತಕದಲ್ಲಿ ಒಪ್ಪುವಂಥ ಉತ್ತರವಿರಲಿಲ್ಲ. ನಾನು ಹೋಗಿ ರಿಜಿಸ್ಟರು ತಿದ್ದಿದರೆ ಸಿಟ್ಟಿಲ್ಲ, ಸಿಟ್ಟಿಲ್ಲದಿದ್ದರೆ ಓದಿಲ್ಲ, ತಿದ್ದಲು ಹೋಗುವವಳೇ ಇಲ್ಲ.

ರಿಜಿಸ್ಟರು ಹಾಗೇ ಇರಲಿ, ಅದರಲ್ಲಿ ಸುಳ್ಳೇನೂ ಇಲ್ಲ. ನಾನು ಹೋಗಬೇಕಾಗಿರುವುದು ಆ ಮೇಜಿನ ಪಕ್ಕದಲ್ಲಿ ನಿಂತ ಹುಡುಗಿಯ ಬಾಯಿ ಮುಚ್ಚಿಸುವುದಕ್ಕೆ.