ಕೀ ನೋಡಬೇಡ, ಬೆಟ್ಟ ನೋಡು

ಅಟ್ಟದಿಂದ ಆ ಹಳೇ ಬ್ಯಾಗ್ ಇಳಿಸಿದ್ದು ನನ್ನದೇ ತಪ್ಪು. ಅಕ್ಕನ ಮಗಳು ಹೊಸದು ಕೊಡಿಸ್ತೀನಿ ಅಂದಿದ್ದಳು. ಇದೇ ಕಲ್ಲುಗುಂಡಿನ ಹಾಗಿದೆ, ದುಡ್ಡು ಯಾಕೆ ದಂಡ ಮಾಡ್ತೀಯ ಅಂತ ನಾನೇ ಸ್ಟೂಲ್ ಹತ್ತಿದೆ. ಬರುವ ತಿಂಗಳು ನಾವಿಬ್ಬರೂ ನೇಪಾಳಕ್ಕೆ ಹೊರಟಿದ್ದೇವೆ, ಎಂಟು ದಿನದ ಬೆಟ್ಟದ ನಡಿಗೆಗೆ. ಬ್ಯಾಗಿನ ಪಕ್ಕದ ಜೇಬಿಗೆ ಕೈ ಹಾಕಿದೆ. ಹೊರಗೆ ತೆಗೆದರೆ ಬೆರಳೆಲ್ಲ ಕೆಂಪು. ಕುಂಕುಮದ ಪೊಟ್ಟಣ ಒಡೆದು ಹರಡಿಕೊಂಡಿತ್ತು. ಅದರ ಜೊತೆ ಅರಿಶಿನದ ಘಾಟು, ಮಡಿಸಿಟ್ಟ ಒಂದಷ್ಟು ಟೈಪು ಮಾಡಿದ ಹಾಳೆ... ಹನ್ನೊಂದು ವರ್ಷವಾದರೂ ಆ ವಾಸನೆ ಹೋಗಿರಲಿಲ್ಲ. ಸ್ಟೂಲಿನ ಮೇಲೇ ಕೂತುಬಿಟ್ಟೆ.

ಆ ಹಾಳೆಗಳನ್ನು ಟೈಪು ಮಾಡಿದವರು ನನ್ನ ಟೈಪಿಂಗ್ ಮೇಡಂ. ಮಂಡಿ ಮೊಹಲ್ಲಾದಲ್ಲಿ ಒಣಮೆಣಸಿನಕಾಯಿಯ ಸಗಟು ಅಂಗಡಿಯ ಮಹಡಿ ಮೇಲೆ ಅವರ ಇನ್‌ಸ್ಟಿಟ್ಯೂಟ್ ಇತ್ತು. ಕೆಳಗೆ ಮೂಟೆ ಬಿಚ್ಚಿದರೆ ಮೇಲೆ ಹನ್ನೆರಡು ಮಿಷನ್ನಿನ ಮುಂದೆ ಕೂತ ನಾವೆಲ್ಲ ಒಟ್ಟಿಗೆ ಸೀನುತ್ತಿದ್ದೆವು. ಎದುರು ಗೋಡೆಯ ಮೇಲೆ ಒಂದು ಕ್ಯಾಲೆಂಡರಿನ ಚಿತ್ರ. ತಿಂಗಳು, ತಾರೀಖು ಇದ್ದ ಭಾಗವನ್ನು ಕತ್ತರಿಸಿ, ನೇಪಾಳದ ಹಿಮದ ಬೆಟ್ಟವನ್ನಷ್ಟೇ ಉಳಿಸಿಕೊಂಡು ಅಂಟಿಸಿದ್ದರು. ಬೆರಳು ತಡವರಿಸಿ ಯಾರಾದರೂ ತಲೆ ಬಗ್ಗಿಸಿದರೆ ಸಾಕು, ಹಿಂದಿನಿಂದ ಸ್ಕೇಲಿನಲ್ಲಿ ಬೆನ್ನಿಗೆ ಮೆಲ್ಲಗೆ ಒಂದು ಏಟು.

"ಕೀ ನೋಡ್ಬೇಡ, ಬೆಟ್ಟ ನೋಡು!"

ಹಾಗೆ ಬೆಟ್ಟ ನೋಡಿಕೊಂಡೇ ನಾನು ಟೈಪಿಂಗ್ ಕಲಿತೆ, ಮೇಟಗಳ್ಳಿಯ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ಹಿಡಿದೆ. ಕಂಪ್ಯೂಟರ್ ಬಂದ ಮೇಲೆ ಅವರ ಮಿಷನ್ನುಗಳು ಒಂದೊಂದಾಗಿ ಗುಜರಿಗೆ ಹೋದವು. ಮೇಡಂ ಒಂದು ಮಿಷನ್ನನ್ನೂ ಆ ಬೆಟ್ಟವನ್ನೂ ಮನೆಗೆ ತಂದರು. ಮದುವೆ ಮಾಡಿಕೊಂಡವರಲ್ಲ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತ ನಂಜನಗೂಡು ದಾಟಿದ್ದೇ ಅಪರೂಪ. ತಾಯಿ ತೀರಿಕೊಂಡ ವರ್ಷ ನನ್ನನ್ನು ಕರೆದು ಕಾಫಿ ಕೊಟ್ಟು, "ಇನ್ನಾದ್ರೂ ಅಲ್ಲಿಗೆ ಹೋಗ್ಬರೋಣ ಕಣೇ," ಎಂದು ಗೋಡೆ ತೋರಿಸಿದರು. ನನಗಾಗ ನಲವತ್ತು, ಅವರಿಗೆ ಅರವತ್ತೊಂದು. ಅಯ್ಯೋ, ನನಗೆ ಆದ ಖುಷಿ! ನಾನೂ ಮೇಟಗಳ್ಳಿ ಬಸ್ಸು ಬಿಟ್ಟರೆ ಬೇರೆ ಪ್ರಯಾಣ ಕಂಡವಳಲ್ಲ.

ಮೇಡಂ ಪ್ಲಾನು ಟೈಪು ಮಾಡಿದರು. ಯಾವ ದಿನ ಯಾವ ಹಳ್ಳಿ, ಎಷ್ಟು ಗಂಟೆ ನಡಿಗೆ, ರಾತ್ರಿ ಎಲ್ಲಿ ಎಂದು ಅಂಕಣ ಅಂಕಣವಾಗಿ. ಒಂದಕ್ಷರ ಹೊಡೆದುಹಾಕಿದ ಹಾಳೆಯನ್ನು ಅವರು ಸಹಿಸುತ್ತಿರಲಿಲ್ಲ. ಏನೇ ಬದಲಾದರೂ ಇಡೀ ಹಾಳೆ ಹೊಸದಾಗಿ ಟೈಪಾಗಬೇಕು. ಪ್ರತಿ ಭಾನುವಾರ ನನ್ನ ಕೈಗೆ ಹೊಸ ಹಾಳೆ ಬರುತ್ತಿತ್ತು. ಅದನ್ನು ಮಡಿಸಿ ಬ್ಯಾಗಿಗೆ ಹಾಕಿ, ಬೆನ್ನಿಗೆ ಐದು ಕೆಜಿ ರಾಗಿ ಹೊತ್ತು, ಇಬ್ಬರೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಅಭ್ಯಾಸ ಮಾಡುತ್ತಿದ್ದೆವು. ಮೊದಮೊದಲು ಅವರೇ ಮುಂದೆ. ನಾನು ಏದುಸಿರು ಬಿಟ್ಟರೆ ಮೇಲಿನಿಂದ ಅದೇ ಕೂಗು, "ಮೆಟ್ಲು ನೋಡ್ಬೇಡ, ಬೆಟ್ಟ ನೋಡು!"

ಮೂರನೇ ತಿಂಗಳು ಅವರು ಒಂದು ಬಟ್ಟಲು ತಂದರು, ಜೊತೆಗೆ ಅರಿಶಿನ, ಕುಂಕುಮದ ಪೊಟ್ಟಣ. ಬೆಟ್ಟದಲ್ಲಿ ಅದೇನು ಹೊಸದಲ್ಲ, ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಲೇ ಮೇಲಕ್ಕೆ ಹೋಗುತ್ತಾರೆ. ಆದರೆ ಮೇಡಂ? ದೇವಸ್ಥಾನದ ಕ್ಯೂ ಕಂಡರೆ ಹೊರಗಿನಿಂದಲೇ ಕೈಮುಗಿದು ಬರುವ ಹೆಂಗಸು!

"ಪ್ರಯಾಣ ಸುಸೂತ್ರವಾಗ್ಲಿ ಅಂತ ಹರಕೆ ಕಣೇ. ನೀನು ಹೋಗ್ತಿರು, ನಾನು ನಿಧಾನಕ್ಕೆ ಬರ್ತೀನಿ."

ಬಗ್ಗುವರು, ಹಚ್ಚುವರು, ಮೆಟ್ಟಿಲ ಮೇಲೆ ಕೈಯೂರಿ ಹಾಗೇ ಇರುವರು. ಸುತ್ತ ಓಡಾಡುವವರಿಗೆ ಅದು ಭಕ್ತಿ. ಕೆಲವರು ಅವರ ಕಾಲಿಗೂ ನಮಸ್ಕಾರ ಮಾಡಿ ಹೋಗುತ್ತಿದ್ದರು. ನಾನು ನಂದಿಯ ಹತ್ತಿರ ಕೂತು ಮಜ್ಜಿಗೆ ಕುಡಿಯುತ್ತ ಕಾಯುತ್ತಿದ್ದೆ. ಹಾಳೆಗಳಲ್ಲಿಯೂ ವಿಶ್ರಾಂತಿಯ ದಿನಗಳು ಹೆಚ್ಚುತ್ತಿದ್ದವು. ಒಂದು ಕಡೆ ನಡಿಗೆಯ ಬದಲು ಜೀಪು ಬೇರೆ ಬಂತು.

"ಏನ್ ಮೇಡಂ, ನಡೆಯೋಕೆ ಹೋಗ್ತಿದೀವೋ, ಮಲಗೋಕೋ?" ಅಂದೆ.

"ಆ ಊರಲ್ಲಿ ಮರದ ಗುಡಿ ಇದೆಯಂತೆ ಕಣಮ್ಮ, ಕೆತ್ತನೆ ನೋಡೋಕೇ ಒಂದಿನ ಬೇಕಂತೆ. ಪ್ರಾರ್ಥನೆ ಚಕ್ರ ತಿರುಗಿಸ್ಕೊಂಡು ಕೂರೋ ಮುದುಕೀರನ್ನ ಮಾತಾಡಿಸ್ಬೇಡ್ವಾ? ಬರೀ ಕಾಲು ಸವೆಸೋಕೆ ಅಷ್ಟು ದೂರ ಯಾಕೆ?"

ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ. ನನಗೆ ಅನುಮಾನ ಬಂದಿತ್ತು. ಒಂದು ಭಾನುವಾರ ಎದ್ದು ನಿಲ್ಲಲು ಕೈ ಕೊಟ್ಟಾಗ ಅವರ ಅಂಗೈ ತಣ್ಣಗೆ ಒದ್ದೆಯಾಗಿತ್ತು, ತುಟಿಯ ಬಣ್ಣ ಸರಿಯಿರಲಿಲ್ಲ. "ಉಸಿರು ಕಟ್ತಿದ್ಯಾ ಮೇಡಂ?" ಎಂದೆ. "ಹರಕೆ ಮಧ್ಯೆ ಮಾತಾಡಿಸ್ಬೇಡ ಹೋಗೇ," ಎಂದು ಗದರಿದರು. ನಾನು ಹೋದೆ. ಆಫೀಸಿನಲ್ಲಿ ಕಾಡಿ ಬೇಡಿ ರಜೆ ಮಂಜೂರು ಮಾಡಿಸಿಕೊಂಡಿದ್ದೆ, ಟಿಕೆಟ್ ಕೈಯಲ್ಲಿತ್ತು. ಇನ್ನೊಂದು ಪ್ರಶ್ನೆ ಕೇಳಿದರೆ ಎಲ್ಲಿ ಎಲ್ಲವೂ ನಿಂತುಹೋಗುತ್ತದೋ ಎಂಬ ಭಯ. ಹರಕೆ ಎಂದರು, ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು. ಥೂ, ನನ್ನ ಸ್ವಾರ್ಥಕ್ಕಿಷ್ಟು.

ಹೊರಡಲು ಮೂರು ವಾರವಿತ್ತು. ಆ ಭಾನುವಾರ ನಂದಿಯ ಹತ್ತಿರ ಎರಡು ಲೋಟ ಮಜ್ಜಿಗೆ ಮುಗಿಯಿತು, ಮೇಡಂ ಬರಲಿಲ್ಲ. ಗೊಣಗಿಕೊಂಡೇ ಇಳಿದೆ. ತಿರುವಿನ ಮೆಟ್ಟಿಲಲ್ಲಿ ಗೋಡೆಗೆ ಒರಗಿ ಕೂತಿದ್ದರು, ಮಡಿಲಲ್ಲಿ ಬಟ್ಟಲು. ಅಲ್ಲಿಯವರೆಗೆ ಪ್ರತಿ ಮೆಟ್ಟಿಲಿಗೂ ಕುಂಕುಮ ಇತ್ತು, ಮುಂದಿನ ಮೆಟ್ಟಿಲು ಬರಿದು. ಯಾರೋ ನಾಲ್ಕು ಜನ ಎತ್ತಿಕೊಂಡು ಕೆಳಗಿಳಿಸಿದರು. ಅವರ ಪೊಟ್ಟಣಗಳನ್ನು ನನ್ನ ಬ್ಯಾಗಿಗೆ ತುರುಕಿದ್ದು ಆಗಲೇ ಇರಬೇಕು.

"ಹೃದಯದ ವಾಲ್ವ್ ಹೋಗಿದೆ. ಆಪರೇಷನ್ ಮಾಡಿಸ್ಕೊಳ್ಳಿ ಅಂತ ಆರು ತಿಂಗಳ ಹಿಂದೇನೇ ಬರ್ಕೊಟ್ಟಿದ್ದೆ. ನಿಮಗೆ ಹೇಳಿಲ್ವಾ?" ಎಂದರು ಡಾಕ್ಟರು. ಆಪರೇಷನ್ ಆಗಿದ್ದರೆ ಪ್ರವಾಸ ಇರುತ್ತಿರಲಿಲ್ಲ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಒಂಬತ್ತನೇ ದಿನ ಹೋಗಿಬಿಟ್ಟರು. ಟಿಕೆಟ್ ರದ್ದು ಮಾಡಿಸಿದೆ.

ಈಗ ಆ ಹಾಳೆಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಹರಡಿ ನೋಡಿದೆ. ಮೊದಲನೆಯದರಲ್ಲಿ ಎಂಟು ದಿನ ನಡಿಗೆ, ಒಂದು ದಿನ ವಿಶ್ರಾಂತಿ. ಕೊನೆಯದರಲ್ಲಿ ನಡಿಗೆ ಎರಡೇ ದಿನ. ಒಂದೂ ಹೊಡೆದುಹಾಕಿದ ಗುರುತಿಲ್ಲ, ಒಂದೂ ತಪ್ಪಕ್ಷರವಿಲ್ಲ. ವಾರ ವಾರವೂ ನನ್ನ ಕೈಗೇ ಕೊಟ್ಟಿದ್ದರು. ಕಾಯಿಲೆಯನ್ನು ಬಾಯಿಬಿಟ್ಟು ಹೇಳಲಾರದೆ ಟೈಪು ಮಾಡಿ ಕೊಡುತ್ತಿದ್ದರೋ ಏನೋ... ನಾನು ಅವರೇ ಕಲಿಸಿದ ಹಾಗೆ ಬೆಟ್ಟ ನೋಡುತ್ತಿದ್ದೆ.

ಆಮೇಲೆ ಬಂದ ಭಾನುವಾರ ಅಕ್ಕನ ಮಗಳ ಜೊತೆ ಅಭ್ಯಾಸಕ್ಕೆಂದು ಅದೇ ಮೆಟ್ಟಿಲು ಹತ್ತಿದೆ. ಅವಳು ಜಿಂಕೆಯ ಹಾಗೆ ಮುಂದೆ ಹೋದಳು. ಅದೇ ತಿರುವಿನಲ್ಲಿ ಒಬ್ಬ ಹೆಂಗಸು ಬಗ್ಗಿ ಕುಂಕುಮ ಹಚ್ಚುತ್ತಿದ್ದಳು. ಹನ್ನೊಂದು ವರ್ಷದಿಂದ ಇಂಥ ಯಾರನ್ನೂ ಸುಮ್ಮನೆ ದಾಟಿ ಹೋಗಲು ನನ್ನಿಂದ ಆಗಿಲ್ಲ.

"ಉಸಿರು ಸರಿಯಾಗಿದ್ಯೇನಮ್ಮಾ?"

ಆಕೆ ತಲೆಯೆತ್ತಿ ನನ್ನನ್ನು ವಿಚಿತ್ರವಾಗಿ ನೋಡಿದಳು. "ಅರಕೆ ಕಣವ್ವಾ, ಇನ್ನೇನಿಲ್ಲ. ನೀವ್ ಓಗಿ, ನಾನ್ ನಿಧಾನಕ್ ಬತ್ತೀನಿ."

ಮೇಲಿನಿಂದ ಅಕ್ಕನ ಮಗಳು ಕೂಗುತ್ತಿದ್ದಳು, "ಚಿಕ್ಕಮ್ಮಾ, ಎಲ್ಲಿ ನಿಂತ್ಬುಟ್ರಿ, ಬೇಗ ಬನ್ನಿ!"

ನಾನು ಹೋಗಲಿಲ್ಲ. ಆಕೆ ಒಂದು ಮೆಟ್ಟಿಲು ಹತ್ತಿದರೆ ನಾನೂ ಒಂದು, ಆಕೆ ಬಗ್ಗಿದರೆ ನಾನು ನಿಂತೆ. ನಂದಿಯವರೆಗೂ ಆಕೆಯ ಮುಖವನ್ನೇ ನೋಡಿಕೊಂಡು ಹತ್ತಿದೆ.