ತಾನೇ ಕಟ್ಟಿಕೊಂಡ ವೆಬ್‌ಸೈಟ್

ನನ್ನಕ್ಕ ವಿಗ್ ಕಟ್ಟುವವಳು. ನಾಟಕದವರಿಗಲ್ಲ, ಕಾಯಿಲೆಯ ಔಷಧದಿಂದ ಕೂದಲು ಕಳೆದುಕೊಂಡವರಿಗೆ. ತೆಳ್ಳನೆಯ ಬಲೆಯ ಮೇಲೆ ಕೊಕ್ಕೆಸೂಜಿಯಿಂದ ಒಂದೊಂದೇ ಎಳೆ ಪೋಣಿಸಿ ಗಂಟು ಬಿಗಿಯುತ್ತಾಳೆ. ಇದಕ್ಕೂ ಮಷೀನ್ ಬಂದಿದೆಯಂತೆ ಎಂದು ಯಾರಾದರೂ ಬಾಯಿಬಿಟ್ಟರೆ ಮುಗಿಯಿತು, ಅವರಿಗೆ ಆಮೇಲೆ ಚಹಾ ಕೂಡ ಸಿಗುವುದಿಲ್ಲ. ಕೂದಲನ್ನು ಬಣ್ಣ ನೋಡಿ ಬೇರ್ಪಡಿಸಿ ಕೊಡುವುದು ನನ್ನ ಕೆಲಸ. ಅಂಗಡಿ ಎಂದರೆ ಮಹಡಿಯ ಮೇಲಿನ ಒಂದು ಕೋಣೆ, ಗೋಡೆಯುದ್ದಕ್ಕೂ ಮರದ ತಲೆಗಳು. ನನ್ನ ಗಂಡನಿಗಿಂತ ಅವೇ ವಾಸಿ, ಹೇಳಿದ್ದನ್ನಾದರೂ ಕೇಳಿಸಿಕೊಳ್ಳುತ್ತವೆ.

ಬಂದವರನ್ನು ಅಕ್ಕ ಕುರ್ಚಿಯಲ್ಲಿ ಕೂರಿಸುತ್ತಾಳೆ. ಎದುರಿನ ಕನ್ನಡಿಗೆ ಬಟ್ಟೆ ಮುಚ್ಚಿರುತ್ತದೆ. ವಿಗ್ ಸರಿಯಾಗಿ ಕೂತ ಮೇಲಷ್ಟೇ ಅದನ್ನು ಸರಿಸುವುದು. ಆ ಹೊತ್ತಿನಲ್ಲಿ ಅಕ್ಕ ಕುರ್ಚಿಯ ಹಿಂದೆ ನಿಂತೇ ಇರಬೇಕು. ಅವರು ಅಳಲಿ, ನಗಲಿ, ಕನ್ನಡಿಯಲ್ಲಿ ಎರಡು ಮುಖ ಕಾಣಬೇಕು. ಅಳತೆಗೆಂದು ಬೋಳುತಲೆಯ ಒಂದು ಫೋಟೋ, ಕೆಲಸ ಮುಗಿದ ಮೇಲೆ ಇನ್ನೊಂದು, ಎರಡೂ ಅವಳ ಫೋನಿನಲ್ಲಿ ಇರುತ್ತವೆ. ಈ ಬಾಗಿಲು ದಾಟುವುದಿಲ್ಲ ಎಂದು ಮಾತು ಕೊಟ್ಟೇ ತೆಗೆಯುತ್ತಾಳೆ.

ಹಾಗೆ ಮಾತು ತೆಗೆದುಕೊಂಡವರಲ್ಲಿ ಒಬ್ಬ ಟೀಚರ್ ಇದ್ದಳು. ಅವಳ ತಾಯಿ ಇದೇ ಕಾಯಿಲೆಯಲ್ಲಿ ಹೋಗಿದ್ದರು. ಮಗಳಿಗೂ ಅದೇ ಬಂತೆಂದು ತಿಳಿದರೆ ಅಪ್ಪ ಉಳಿಯುವುದಿಲ್ಲ ಎಂದು ಅವಳಿಗೆ ಭಯ. ಟ್ರೈನಿಂಗ್ ಇದೆ ಎಂದು ಸುಳ್ಳು ಹೇಳಿ, ದೂರದಲ್ಲಿ ಕೋಣೆ ಹಿಡಿದು, ಚಿಕಿತ್ಸೆ ಮುಗಿಸಿಕೊಂಡು, ಅಕ್ಕ ಕಟ್ಟಿದ ಜಡೆ ಇಳಿಬಿಟ್ಟುಕೊಂಡು ಮನೆಗೆ ಹೋದಳು. ಅಪ್ಪನಿಗೆ ಚೂರೂ ಅನುಮಾನ ಬರಲಿಲ್ಲವಂತೆ. ಅದನ್ನು ಹೇಳುವಾಗ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ್ದಳು.

ಅಷ್ಟರಲ್ಲಿ ನಮ್ಮ ಬೀದಿಯ ಆಸ್ಪತ್ರೆ ಊರಾಚೆ ಹೋಯಿತು. ಮೆಟ್ಟಿಲು ಹತ್ತುವವರು ಕಮ್ಮಿಯಾದರು. ವೆಬ್‌ಸೈಟ್ ಮಾಡದೆ ಗತಿಯಿಲ್ಲ ಎಂದು ನಾನೇ ಲ್ಯಾಪ್‌ಟಾಪ್ ಎರವಲು ತಂದು ಹುಡುಕಿದೆ. ಕೊನೆಗೆ ಎರಡು ಸಾಫ್ಟ್‌ವೇರ್ ಉಳಿದವು. ಒಂದರಲ್ಲಿ ಪ್ರತಿ ಫೋಟೋವನ್ನೂ ನಾವೇ ಆರಿಸಿ, ಕತ್ತರಿಸಿ, ಅದರ ಜಾಗದಲ್ಲಿ ಕೂರಿಸಬೇಕು. ಇನ್ನೊಂದಕ್ಕೆ ಫೋನ್ ಜೋಡಿಸಿದರೆ ಸಾಕು, ಉಳಿದಿದ್ದೆಲ್ಲ ಅದೇ ಮಾಡಿಕೊಳ್ಳುತ್ತದೆ. ನಾನು ಮೊದಲನೆಯದೇ ಇರಲಿ ಎಂದೆ, ನಿಧಾನವಾದರೂ ನಮ್ಮ ಕೈಯಲ್ಲೇ ಇರುತ್ತದೆ ಎಂದೆ.

"ಕೂದಲು ಕಟ್ಟಿ ಕಟ್ಟಿ ಬೆರಳು ಸೆಟೆದು ಹೋಗಿದೆ, ಇದನ್ನ ಬೇರೆ ಕಟ್ತಾ ಕೂರ್ಲಾ?" ಎಂದಳು ಅಕ್ಕ. "ತಾನೇ ಕಟ್ಕೊಳ್ಳೋದಿದ್ಯಲ್ಲ, ಅದೇ ಇರ್ಲಿ ಬಿಡು."

ಮಷೀನಿಗೆ ಒಂದು ಎಳೆ ಕೂದಲು ಮುಟ್ಟಲು ಕೊಡದವಳು! ನನಗೆ ಮೈಯೆಲ್ಲ ಉರಿಯಿತು. ನಮ್ಮಲ್ಲಿ ಮಾತಿಗೆ ಮಾತು ಬೆಳೆಯಿತು, ನಾನು ಮುಖ ಊದಿಸಿಕೊಂಡು ಮೂಲೆಗೆ ಹೋಗಿ ಕೂತೆ. ಫೋನಿನಲ್ಲಿರುವ ಫೋಟೋಗಳನ್ನು ನೋಡಲು ಆ ಸಾಫ್ಟ್‌ವೇರ್ ಒಪ್ಪಿಗೆ ಕೇಳಿತು, ಅಕ್ಕ ಒತ್ತಿದಳು.

ಚಹಾ ಆರುವಷ್ಟರಲ್ಲಿ ವೆಬ್‌ಸೈಟ್ ಎದ್ದು ನಿಂತಿತು. ಮೊದಲ ಪುಟದ ತುಂಬ ನಮ್ಮ ಮರದ ತಲೆಗಳು, ಎಷ್ಟು ಚೆಂದ ಎಂದರೆ ನನ್ನ ಸಿಟ್ಟೂ ಇಳಿಯಿತು. ಅಕ್ಕ ಹಿರಿಹಿರಿ ಹಿಗ್ಗಿ, ಕೆಳಗಿನ ಅಂಗಡಿಯವರಿಂದ ಹಿಡಿದು ಗೊತ್ತಿದ್ದವರಿಗೆಲ್ಲ ಕಳಿಸಿದಳು. ಪುಟವನ್ನು ಕೆಳಗಿಳಿಸಿ ನೋಡುವ ಬುದ್ಧಿ ನಮ್ಮಿಬ್ಬರಿಗೂ ಬರಲಿಲ್ಲ.

ಮಾರನೆಯ ದಿನ ಬಸ್ಸಿನಲ್ಲಿ ಕೂತು ನನ್ನ ಫೋನಿನಲ್ಲಿ ಪುಟವನ್ನು ಕೆಳಗಿಳಿಸಿದೆ. ಕೆಳಗೆ 'ಮೊದಲು', 'ನಂತರ' ಎಂದು ಹೆಸರಿಟ್ಟು, ಮುಖ ಗುರುತಿಸಿ ಜೋಡಿ ಮಾಡಿ, ಅದು ಟೀಚರ್ ಫೋಟೋಗಳನ್ನು ಅಕ್ಕಪಕ್ಕ ಅಂಟಿಸಿತ್ತು. ಒಂದರಲ್ಲಿ ಬೋಳುತಲೆ, ಊದಿದ ಕಣ್ಣು. ಇನ್ನೊಂದರಲ್ಲಿ ಜಡೆ, ನಗು. ಓಡಿಹೋಗಿ ಅಕ್ಕನಿಗೆ ತೋರಿಸಿದೆ. ಇಡೀ ವೆಬ್‌ಸೈಟನ್ನೇ ಅಳಿಸಿ ಹಾಕಿದೆವು. ಯಾರೂ ನೋಡಿರಲಿಕ್ಕಿಲ್ಲ ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು.

ಎರಡು ದಿನ ಬಿಟ್ಟು ಒಬ್ಬ ವಯಸ್ಸಾದವರು ಮೆಟ್ಟಿಲ ಮೇಲೆ ನಿಂತು ನಿಂತು ಬಂದರು. ಟೀಚರ್ ತಂದೆ ನಾನು ಎಂದರು. ಬೆಳಗಿನ ವಾಕಿಂಗ್ ಗೆಳೆಯರೊಬ್ಬರು ಕಳಿಸಿದ್ದ ನಮ್ಮ ವೆಬ್‌ಸೈಟನ್ನು ಆ ರಾತ್ರಿಯೇ ನೋಡಿದ್ದರಂತೆ. ಅಕ್ಕ ಕೈ ಮುಗಿದು ನಿಂತಳು. ಅವರು ಬೈಯಲಿಲ್ಲ. ಬೈದಿದ್ದರೆ ನಮಗೂ ಎಷ್ಟೋ ಹಗುರವಾಗುತ್ತಿತ್ತು. ಮಗಳು ಕೂತ ಕುರ್ಚಿ ಯಾವುದೆಂದು ಕೇಳಿ, ಅದರ ಹಿಡಿಕೆಯನ್ನು ಸವರಿದರು.

"ಅವಳಿಲ್ಲಿ ಕೂತಿದ್ದಾಗ ಜೊತೇಲಿ ಯಾರಿದ್ರಮ್ಮಾ?"

"ನಾನಿದ್ದೆ," ಎಂದಳು ಅಕ್ಕ.

"ಸದ್ಯ." ಅವರು ಕಣ್ಣೊರೆಸಿಕೊಂಡರು. "ನಂಗೆ ಗೊತ್ತಿಲ್ಲ ಅನ್ಕೊಂಡು ಮನೇಲಿ ನಗ್ತಾ ಓಡಾಡ್ತಾಳೆ. ಆ ನಗು ಹಾಗೇ ಇರ್ಲಿ. ನಾನು ಬಂದಿದ್ದು ಅವಳಿಗೆ ಹೇಳ್ಬೇಡಿ."

ಅಕ್ಕ ಹೂಂ ಎಂದಳು. ಮತ್ತೊಂದು ಮಾತು ಕೊಟ್ಟಂತಾಯಿತು.

ಅವರು ಹೋದ ಮೇಲೆ ಅಕ್ಕ ಊಟ ಮುಟ್ಟಲಿಲ್ಲ. ಫೋಟೋ ವಿಷಯ ಮುಚ್ಚಿಡುವುದು ತನ್ನಿಂದಾಗದು, ಅದನ್ನಾದರೂ ಹೇಳಿಯೇ ತೀರುತ್ತೇನೆ ಎಂದಳು. ನಾನು ಬೇಡ ಎನ್ನಲಿಲ್ಲ.

ರಜೆ ಮುಗಿದು ಶಾಲೆ ಶುರುವಾಗುವ ಮುಂಚೆ ಟೀಚರ್ ವಿಗ್ ತೊಳೆಸಲು ಬಂದಳು. ಮರದ ತಲೆಗೆ ಅದನ್ನು ಏರಿಸಿ ಒಣಗಿಸಿ, ಬಾಚಿ, ಅವಳ ತಲೆಗೆ ಕೂರಿಸುತ್ತಲೇ ಅಕ್ಕ ವೆಬ್‌ಸೈಟಿನ ವಿಷಯ ಹೇಳಿದಳು. ಫೋಟೋ ಒಂದು ರಾತ್ರಿ ಎಲ್ಲರಿಗೂ ಕಾಣುವಂತಿತ್ತು, ತಪ್ಪು ನನ್ನದೇ, ಕ್ಷಮಿಸಿ ಎಂದಳು. ಟೀಚರ್ ಬೆನ್ನು ನೆಟ್ಟಗಾಯಿತು.

"ಅಪ್ಪ ನೋಡಿದ್ರಾ?" ಎಂದಳು.

ಅಕ್ಕನ ಬಾಚಣಿಗೆ ನಿಂತಿತು. ಆ ಕುರ್ಚಿಯಲ್ಲಿ ಕೂತವರಿಗೆ ಅವಳು ಯಾವತ್ತೂ ಸುಳ್ಳು ಹೇಳಿದವಳಲ್ಲ.

"ಇಲ್ಲಮ್ಮಾ."

"ಹಾಗಾದ್ರೆ ಯಾರು ನೋಡಿದ್ರೂ ಪರವಾಗಿಲ್ಲ ಬಿಡಿ," ಎಂದು ಟೀಚರ್ ಉಸಿರು ಬಿಟ್ಟು ನಕ್ಕಳು.

ಕನ್ನಡಿಯ ಬಟ್ಟೆ ತೆಗಿ ಎಂದು ಅಕ್ಕ ನನಗೆ ಹೇಳಿದಳು. ತೆಗೆದೆ. ಕನ್ನಡಿಯಲ್ಲಿ ಟೀಚರ್ ಮುಖ ಒಂದೇ ಇತ್ತು. ಅಕ್ಕ ಕಿಟಕಿಯ ಹತ್ತಿರ ಹೋಗಿ, ನಮಗೆ ಬೆನ್ನು ಮಾಡಿ, ಬೋಳು ಮರದ ತಲೆಯನ್ನು ಬಟ್ಟೆಯಿಂದ ಒರೆಸುತ್ತಿದ್ದಳು.